ಎಟಿಮಾನ್‌ಲೈನ್ ಹೇಗಿದೆ? ‘ಕ್ಲೀನ್’ ಪದದ ಬೆನ್ನು ಹತ್ತಿ ನೋಡಿದ್ದು

ಇಂಗ್ಲಿಷ್ ಪದ ಎಲ್ಲಿಂದ ಬಂತು ಅಂತ ಹುಡುಕುವವರಿಗೆ ದುಡ್ಡು ಕೊಡದೆ ಸಿಗುವ ಅತಿ ಒಳ್ಳೆಯ ಜಾಗ ಎಟಿಮಾನ್‌ಲೈನ್. ಪೂರ್ತಿ ಹೆಸರು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ. ಅಮೆರಿಕದ ಪೆನ್ಸಿಲ್ವೇನಿಯಾದ ಡಗ್ಲಸ್ ಹಾರ್ಪರ್ ಎಂಬುವರು 2000ದ ಆಸುಪಾಸಿನಲ್ಲಿ ಶುರು ಮಾಡಿ, ಇಷ್ಟು ವರ್ಷ ಬಹುಮಟ್ಟಿಗೆ ತಾವೇ ಕೂತು ಕಟ್ಟಿದ ನಿಘಂಟು ಇದು. ವೆಬ್‌ಸೈಟ್ ಇದೆ, ಫೋನಿಗೆ ಆಪ್ ಇದೆ. ಅನುವಾದದ ಕೆಲಸ ಮಾಡುವ ನನಗೆ ದಿನಾ ಬೇಕಾಗುತ್ತದೆ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು, ಟೀಚರುಗಳು, ಪದಗಳ ಮೇಲೆ ಪ್ರೀತಿ ಇರುವ ಯಾರೇ ಆದರೂ ಇದನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಆದರೆ ನಿಘಂಟನ್ನು ಸುಮ್ನೆ ಚೆನ್ನಾಗಿದೆ ಅಂದುಬಿಟ್ಟರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದೇ ಒಂದು ಪದ ಹಿಡಿದು, ಅದರ ದಾರಿಯಲ್ಲೇ ಹೋಗಿ, ಈ ಸೈಟು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಅಂತ ಬರೆಯುತ್ತೇನೆ. ಪದ ‘ಕ್ಲೀನ್’. ನಮ್ಮಲ್ಲಿ ಯಾರಿಗೂ ಇದು ಬೇರೆ ಭಾಷೆಯದು ಅಂತ ಅನ್ನಿಸುವುದೇ ಇಲ್ಲ, ಅಲ್ವಾ? ಮನೆ ಕ್ಲೀನ್ ಮಾಡುತ್ತೇವೆ, ಸ್ಟಂಪು ಹಾರಿದರೆ ಕ್ಲೀನ್ ಬೌಲ್ಡ್ ಅನ್ನುತ್ತೇವೆ, ಗಡ್ಡ ಮೀಸೆ ತೆಗೆಸಿದರೆ ಕ್ಲೀನ್ ಶೇವ್, ಅರ್ಥವಾಗದ ಹಾಗೆ ಮಾತಾಡುವವರಿಗೆ ‘ಕ್ಲೀನಾಗಿ ಹೇಳಪ್ಪ’ ಅನ್ನುತ್ತೇವೆ.

ಹುಡುಕುವ ಜಾಗದಲ್ಲಿ ಕ್ಲೀನ್ ಅಂತ ಹೊಡೆದರೆ ಗುಣವಾಚಕಕ್ಕೆ ಬೇರೆ, ಕ್ರಿಯಾಪದಕ್ಕೆ ಬೇರೆ ನಮೂದು ಬರುತ್ತವೆ. ಗುಣವಾಚಕದ್ದೇ ಹಳೆಯದು. ಸುಮಾರು 1100ಕ್ಕೆ ಮುಂಚಿನ ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಕ್ಲೇನೆ’. ಆಗ ಅದಕ್ಕಿದ್ದ ಅರ್ಥಗಳು ನೋಡಿ: ಕೊಳೆ ಇಲ್ಲದ್ದು, ಬೇರೆ ಏನೂ ಬೆರೆಯದ್ದು, ನಡತೆಯಲ್ಲಿ ಶುದ್ಧವಾದದ್ದು. ಪ್ರಾಣಿಗಳ ವಿಚಾರ ಬಂದಾಗ, ಧರ್ಮದ ಕಟ್ಟಳೆ ಪ್ರಕಾರ ತಿನ್ನಬಹುದಾದದ್ದು. ಈ ಕೊನೆಯದು ಬೈಬಲ್ಲಿನ ಯಾಜಕಕಾಂಡದ ಲೆಕ್ಕ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು, ಎರಡೂ ಇದ್ದರೆ ಆ ಪ್ರಾಣಿ ಶುದ್ಧ. ಹಂದಿಗೆ ಗೊರಸು ಸೀಳಿದೆ, ಮೆಲುಕು ಇಲ್ಲ, ಹಾಗಾಗಿ ಅಶುದ್ಧ. ಅದರ ಮೈಮೇಲೆ ಕೆಸರು ಇದೆಯೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ‘ಮಡಿ’ ಗೊತ್ತಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಒಗೆದು ಒಣಗಿಸಿದ ಬಟ್ಟೆಯೂ ಮಡಿಯೇ, ಯಾರನ್ನೂ ಮುಟ್ಟದೆ ಅಡುಗೆ ಮಾಡುವುದೂ ಮಡಿಯೇ. ಒಂದೇ ಪದದೊಳಗೆ ಕೊಳೆ ಹೋಗುವುದೂ ಮೈಲಿಗೆ ಹೋಗುವುದೂ ಎರಡೂ ಸೇರಿಕೊಂಡಿವೆ. ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನವರ ‘ಕ್ಲೇನೆ’ ಕೂಡ ಹೀಗೇ ಇತ್ತು.

ಅಲ್ಲೇ ಕೆಳಗೆ ಇನ್ನೊಂದು ವಿಷಯ ಇದೆ. ಜರ್ಮನ್ ಕಲಿಯಲು ಕೂತವರಿಗೆ ಮೊದಮೊದಲ ಪಾಠಗಳಲ್ಲೇ ‘ಕ್ಲೈನ್’ ಅನ್ನುವ ಪದ ಸಿಗುತ್ತದೆ. ಅರ್ಥ ‘ಚಿಕ್ಕದು’. ಇಂಗ್ಲಿಷಿನ ಕ್ಲೀನೂ ಜರ್ಮನ್ನಿನ ಕ್ಲೈನೂ ಒಂದೇ ತಾಯಿಯ ಮಕ್ಕಳು ಅನ್ನುತ್ತದೆ ಎಟಿಮಾನ್‌ಲೈನ್. ಹೊಳೆಯುವುದು, ಆಮೇಲೆ ನಯವಾದದ್ದು, ಆಮೇಲೆ ನಾಜೂಕಾದದ್ದು, ಕೊನೆಗೆ ಸಣ್ಣದು ಅಂತ ಜರ್ಮನ್ ಪದ ಬದಲಾಗುತ್ತಾ ಹೋಯಿತು. ಇಂಗ್ಲಿಷ್ ಮೊದಲಿನ ಅರ್ಥವನ್ನೇ ಇಟ್ಟುಕೊಂಡಿತು. ಇನ್ನೂ ಹಿಂದಕ್ಕೆ ಹೋದರೆ ‘ಪ್ರಕಾಶ’ ಅನ್ನುವ ಅರ್ಥದ ಒಂದು ಇಂಡೋ-ಯುರೋಪಿಯನ್ ಮೂಲ (ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲಕ್ಕೂ ತಾಯಿಯಾದ ಹಳೆಯ ಭಾಷೆಯದು) ಇರಬಹುದು ಅಂತಲೂ ಹೇಳಿದೆ. ಹೊಳಪಿಗೂ ಚೊಕ್ಕಟಕ್ಕೂ ಇರುವ ನಂಟು ನಮಗೆ ಹೊಸದಲ್ಲ. ಪಾತ್ರೆ ‘ಬೆಳಗು’ ಅಂತಲೇ ಹೇಳುವುದು ನಾವು. ದೀಪ ಬೆಳಗುವುದೂ ಅದೇ ಪದ, ಹುಣಸೆಹಣ್ಣು ಹಾಕಿ ತಿಕ್ಕಿ ಹಿತ್ತಾಳೆ ಚೆಂಬು ಬೆಳಗುವುದೂ ಅದೇ ಪದ.

ಈ ಸೈಟಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ ನಮೂದಿನಲ್ಲಿದೆ. ‘ಇರಬಹುದು’ ಅಂತ ಬರೆದು ಅಲ್ಲಿಗೇ ನಿಲ್ಲಿಸಿಲ್ಲ. ಬೌಟ್‌ಕನ್ ಅನ್ನುವ ವಿದ್ವಾಂಸರಿಗೆ ಈ ಮೂಲದ ಬಗ್ಗೆಯೇ ಸಂದೇಹ ಇದೆ, ಕ್ಲೀನ್ ಮತ್ತು ಕ್ಲೈನ್ ಎರಡೂ ಒಂದೇ ಪದ ಹೌದೋ ಅಲ್ಲವೋ ಅಂತ ಅವರು ಪ್ರಶ್ನೆ ಎತ್ತಿದ್ದಾರೆ ಅಂತಲೂ ಸೇರಿಸಿದ್ದಾರೆ. ಪದದ ಮೂಲದ ಬಗ್ಗೆ ಬರೆಯುವವರಲ್ಲಿ ಇಷ್ಟು ನಿಯತ್ತು ಕಾಣುವುದು ಕಡಿಮೆ. ವಾಟ್ಸಾಪಿನಲ್ಲಿ ಓಡಾಡುವ ಪದಕಥೆಗಳಲ್ಲಿ ‘ಬಹುಶಃ’ ಅನ್ನುವ ಮಾತೇ ಇರುವುದಿಲ್ಲ, ಎಲ್ಲವೂ ಕಣ್ಣಾರೆ ಕಂಡಂತೆ ಇರುತ್ತವೆ.

ಇಸವಿಗಳನ್ನು ಓದುವುದು ಹೇಗೆ ಅಂತ ಮೊದಲೇ ತಿಳಿದುಕೊಳ್ಳಬೇಕು. ಕ್ರಿಯಾಪದ ಕ್ಲೀನ್ 15ನೇ ಶತಮಾನದ ನಡುವಿನದು ಅಂತ ಹಾಕಿದೆ. ತಪ್ಪು ಒಪ್ಪಿಕೊಳ್ಳುವುದು ಅನ್ನುವ ಅರ್ಥದ ‘ಕಮ್ ಕ್ಲೀನ್’ 1919ರದು, ಅಮೆರಿಕದ್ದು. ಹಾಗಂದರೆ ಆ ವರ್ಷ ಯಾರೋ ಹುಟ್ಟಿಸಿದರು ಅಂತಲ್ಲ. ಬರೆದಿಟ್ಟದ್ದು ಉಳಿದು ನಮ್ಮ ಕೈಗೆ ಸಿಕ್ಕಿರುವುದರಲ್ಲಿ ಅತಿ ಹಳೆಯದು ಆ ವರ್ಷದ್ದು ಅಂತ ಮಾತ್ರ. ಜನ ಆಡುತ್ತಿದ್ದದ್ದು ಅದಕ್ಕೂ ಮುಂಚೆಯೇ ಇರಬಹುದು. ಇದನ್ನು ಸೈಟಿನ ಪರಿಚಯದ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಇದು ಅರ್ಥ ಹೇಳುವ ನಿಘಂಟಲ್ಲ, ಪದಗಳು ಉರುಳಿಕೊಂಡು ಬಂದ ಗಾಡಿ ಜಾಡಿನ ನಕ್ಷೆ ಅನ್ನುವ ಮಾತೂ ಅಲ್ಲೇ ಇದೆ. ಆ ಒಂದು ಪುಟವನ್ನು ಮೊದಲು ಓದಿ, ಆಮೇಲೆ ಪದ ಹುಡುಕಿ.

ಕ್ಲೀನ್ ಕ್ರಿಯಾಪದ ಆಗುವುದಕ್ಕೆ ಮುಂಚೆ ಆ ಕೆಲಸ ಮಾಡುತ್ತಿದ್ದದ್ದು ‘ಕ್ಲೆನ್ಸ್’. ಅದು ಹಳೆಯ ಇಂಗ್ಲಿಷಿನಿಂದಲೂ ಇದೆ. ಈಗ ಮುಖಕ್ಕೆ ಹಚ್ಚುವ ಕ್ಲೆನ್ಸರ್ ಬಾಟಲಿ ಮೇಲೆ ಉಳಿದುಕೊಂಡಿದೆ. ಇಲ್ಲೊಂದು ಉಚ್ಚಾರಣೆ ವಿಷಯ. ನಮ್ಮ ಶಾಲೆಗಳಲ್ಲಿ ಸುಮಾರು ಜನ ‘ಕ್ಲೀನ್‌ಲಿನೆಸ್’ ಅನ್ನುತ್ತಾರೆ. ಇಂಗ್ಲಿಷಿನವರು ‘ಕ್ಲೆನ್‌ಲಿನೆಸ್’ ಅನ್ನುತ್ತಾರೆ. ಬರೆಯುವಾಗ ಅದೇ ಕ್ಲೀನ್, ಓದುವಾಗ ಮಾತ್ರ ಯಾಕೆ ಬೇರೆ? ಪದದ ಮುಂದೆ ಬಾಲ ಬೆಳೆದಾಗ ಒಳಗಿನ ದೀರ್ಘ ಸ್ವರ ಬಹಳ ಹಿಂದೆಯೇ ಹ್ರಸ್ವವಾಗಿತ್ತು. ಆಮೇಲೆ ಸುಮಾರು 1400ರಿಂದ ಶುರುವಾಗಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸಿದಾಗ ‘ಕ್ಲೇನ್’ ಹೋಗಿ ‘ಕ್ಲೀನ್’ ಆಯಿತು. ಹ್ರಸ್ವವಾಗಿದ್ದದ್ದು ಹಾಗೇ ‘ಕ್ಲೆನ್’ ಆಗಿ ಉಳಿಯಿತು. ಇಂಥ ಉಚ್ಚಾರಣೆ ವಿಚಾರಕ್ಕೆ ನಾನು ಕೇಂಬ್ರಿಜ್ ನಿಘಂಟಿನ ಆನ್‌ಲೈನ್ ಆವೃತ್ತಿ ತೆಗೆಯುತ್ತೇನೆ. ಒತ್ತಿದರೆ ಕೇಳಿಸುತ್ತದೆ, ಅಷ್ಟೇ ಸಾಕು.

ಎಟಿಮಾನ್‌ಲೈನಿನ ನಿಜವಾದ ತಾಕತ್ತು ಗೊತ್ತಾಗುವುದು ಕೊಂಡಿಗಳನ್ನು ಒತ್ತುತ್ತಾ ಹೋದಾಗ. ‘ಹೈಜೀನ್’ ತೆಗೆದುಕೊಳ್ಳಿ. 17ನೇ ಶತಮಾನದಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು, ಅದರ ಹಿಂದೆ ಗ್ರೀಕ್. ಗ್ರೀಕಿನಲ್ಲಿ ‘ಹುಗಿಯೆಸ್’ ಅಂದರೆ ಆರೋಗ್ಯವಾಗಿರುವವನು. ಅವರಲ್ಲಿ ಆರೋಗ್ಯದ ದೇವಿಯ ಹೆಸರೇ ಹೈಜಿಯಾ. ವೈದ್ಯದ ದೇವರು ಅಸ್ಕ್ಲೀಪಿಯಸ್‌ನ ಮಗಳು. ಅಂದರೆ ಹೈಜೀನ್ ಅನ್ನುವುದಕ್ಕೆ ಮೊದಲು ಸೋಪಿನ ಸಂಬಂಧವೇ ಇರಲಿಲ್ಲ. ಚೆನ್ನಾಗಿ ಬದುಕುವ ವಿದ್ಯೆ ಅಂತ ಅರ್ಥ. ಕೈ ತೊಳೆಯುವುದು, ಚರಂಡಿ, ಕುಡಿಯುವ ನೀರು ಇವೆಲ್ಲ ಈ ಪದಕ್ಕೆ ಗಟ್ಟಿಯಾಗಿ ಅಂಟಿಕೊಂಡದ್ದು 19ನೇ ಶತಮಾನದಲ್ಲಿ, ರೋಗಾಣುಗಳ ವಿಚಾರ ಗೊತ್ತಾದ ಮೇಲೆ.

ಆ ನಮೂದಿನಲ್ಲಿ ಎರಡು ಮೂಲಗಳ ಕೊಂಡಿ ಇದೆ. ಎರಡನ್ನೂ ಒತ್ತಿ ನೋಡಿ. ಮೊದಲನೆಯದರ ಅರ್ಥ ಜೀವಶಕ್ತಿ, ದೀರ್ಘ ಕಾಲ. ಸಂಸ್ಕೃತದ ‘ಆಯುಸ್ಸು’ ಆ ಮೂಲದ್ದೇ. ಆ ಮೂಲದಿಂದ ಬಂದ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ‘ಆಯುರ್ವೇದ’ ಕೂಡ ಇದೆ, ಹೈಜೀನ್ ಕೂಡ ಇದೆ. ಎರಡನೆಯ ಮೂಲದ ಅರ್ಥ ಬದುಕುವುದು. ನಮ್ಮ ‘ಜೀವ’ ಅಲ್ಲಿದೆ. ಇಂಗ್ಲಿಷಿನ ಕ್ವಿಕ್, ವೈಟಲ್, ವಿವಿಡ್, ಬಯಾಲಜಿಯ ಬಯೋ, ಪ್ರಾಣಿಗಳ ಝೂ, ಕೊನೆಗೆ ವಿಸ್ಕಿ ಕೂಡ ಅಲ್ಲೇ ಇದೆ. ವಿಸ್ಕಿ ಯಾಕೆ ಅಂದರೆ ಐರಿಷ್, ಸ್ಕಾಟಿಷ್ ಭಾಷೆಗಳಲ್ಲಿ ಅದರ ಮೂಲ ಹೆಸರಿಗೆ ‘ಜೀವಜಲ’ ಅಂತ ಅರ್ಥ. ಹೀಗೆ ‘ಹೈಜೀನ್’ ಒಳಗೆ ನಮ್ಮ ಆಯುಸ್ಸೂ ಇದೆ, ಜೀವವೂ ಇದೆ. ಬೇರೆ ಕೆಲವು ನಿಘಂಟುಗಳು ಮೊದಲ ಭಾಗವನ್ನು ಆಯುಸ್ಸಿನ ಬದಲು ಸಂಸ್ಕೃತದ ‘ಸು’ ಜೊತೆ ಜೋಡಿಸುತ್ತವೆ, ಒಳ್ಳೆಯ ಜೀವ ಅನ್ನುವ ಅರ್ಥದಲ್ಲಿ. ಯಾವುದು ಸರಿ ಅಂತ ತಜ್ಞರು ನೋಡಿಕೊಳ್ಳಲಿ. ‘ಜೀವ’ದ ಭಾಗದಲ್ಲಂತೂ ಎರಡೂ ಕಡೆ ಒಂದೇ ಮಾತು.

‘ಪ್ಯೂರ್’ ಕೂಡ ಹೀಗೇ. ಒತ್ತಿದರೆ ಮೂಲದ ಪುಟದಲ್ಲಿ ಸಂಸ್ಕೃತದ ‘ಪವತೇ’ ಸಿಗುತ್ತದೆ. ಅಂದರೆ ಶುದ್ಧಿ ಮಾಡುತ್ತದೆ. ಪಾವನ, ಪವಿತ್ರ ಎರಡೂ ಆ ಧಾತುವಿನವೇ. ‘ಪ್ಯೂರ್ ತುಪ್ಪ’ ಅಂತ ಬೋರ್ಡು ಹಾಕಿದ ಅಂಗಡಿಯವರಿಗೆ ಇದು ಗೊತ್ತಾದರೆ ಖುಷಿಯಾಗುತ್ತದೆ.

ಈಗ ಸೋಪು. ಇದು ಈ ನಿಘಂಟಿನ ಒಳ್ಳೆಯ ನಮೂದುಗಳಲ್ಲಿ ಒಂದು. ಇಂಟರ್ನೆಟ್ಟಿನಲ್ಲಿ ಸೋಪಿನ ಬಗ್ಗೆ ಒಂದು ಕಥೆ ಎಲ್ಲ ಕಡೆ ಇದೆ. ರೋಮ್ ಹತ್ತಿರ ಸಾಪೋ ಅನ್ನುವ ಬೆಟ್ಟ ಇತ್ತಂತೆ, ಅಲ್ಲಿ ಪ್ರಾಣಿಬಲಿ ಕೊಡುತ್ತಿದ್ದರಂತೆ, ಕೊಬ್ಬೂ ಬೂದಿಯೂ ಮಳೆನೀರಿನಲ್ಲಿ ಸೇರಿ ನದಿಗೆ ಇಳಿಯಿತಂತೆ, ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಬಟ್ಟೆ ಬೆಳ್ಳಗಾಯಿತಂತೆ, ಹಾಗಾಗಿ ಸೋಪು ಅಂತ ಹೆಸರು ಬಂತಂತೆ. ಕೇಳುವುದಕ್ಕೆ ಚೆಂದ. ಅಂಥ ಬೆಟ್ಟವೂ ಇಲ್ಲ, ಅದನ್ನು ಹೇಳುವ ಹಳೆಯ ರೋಮನ್ ಗ್ರಂಥವೂ ಇಲ್ಲ.

ಎಟಿಮಾನ್‌ಲೈನ್ ಹೇಳುವುದು ಬೇರೆ. ಸೋಪು ಇಂಗ್ಲಿಷ್, ಜರ್ಮನ್ ಸೇರಿದ ಜರ್ಮಾನಿಕ್ ಭಾಷೆಗಳ ಸ್ವಂತ ಪದ, ತೊಟ್ಟಿಕ್ಕುವುದು ಅನ್ನುವ ಅರ್ಥದ ಮೂಲದಿಂದ ಬಂದದ್ದು. ಲ್ಯಾಟಿನ್ನಿನ ‘ಸಾಪೋ’ ಅವರಿಂದ ತೆಗೆದುಕೊಂಡ ಸಾಲ. ಅಂದರೆ ಜನ ಅಂದುಕೊಂಡಿರುವುದಕ್ಕೆ ಪೂರ್ತಿ ಉಲ್ಟಾ. ರೋಮನ್ನರು ಸ್ನಾನಕ್ಕೆ ಮೈಗೆ ಎಣ್ಣೆ ಹಚ್ಚಿ, ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ಸಾಪೋ ಅನ್ನುವ ಪದವನ್ನು ಲ್ಯಾಟಿನ್ನಿನಲ್ಲಿ ಮೊದಲು ಬರೆದವನು ರೋಮನ್ ಲೇಖಕ ಪ್ಲಿನಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಅದೇ ಪ್ಲಿನಿ. ಅವನು ಬರೆದಿರುವುದು ಮೈ ತೊಳೆಯುವುದರ ಬಗ್ಗೆ ಅಲ್ಲ, ಕೂದಲು ಕೆಂಪಗೆ ಮಾಡಿಕೊಳ್ಳುವುದರ ಬಗ್ಗೆ! ಗಾಲ್ ದೇಶದವರು (ಈಗಿನ ಫ್ರಾನ್ಸ್ ಕಡೆಯವರು) ಕಂಡುಹಿಡಿದದ್ದು, ಕೊಬ್ಬು ಮತ್ತು ಬೂದಿಯಿಂದ ಮಾಡುತ್ತಾರೆ, ಆಡಿನ ಕೊಬ್ಬು ಮತ್ತು ಬೀಚ್ ಮರದ ಬೂದಿ ಆದರೆ ಉತ್ತಮ, ಗಟ್ಟಿಯಾದದ್ದೂ ಇದೆ, ನೀರಾದದ್ದೂ ಇದೆ, ಜರ್ಮನ್ನರಲ್ಲಿ ಹೆಂಗಸರಿಗಿಂತ ಗಂಡಸರೇ ಜಾಸ್ತಿ ಹಚ್ಚಿಕೊಳ್ಳುತ್ತಾರೆ ಅಂತ ಬರೆದಿಟ್ಟಿದ್ದಾನೆ.

ಇಲ್ಲಿಂದ ಮುಂದಕ್ಕೆ ನಾನೇ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಕನ್ನಡದವರಿಗೆ ಇದರಲ್ಲಿ ಜಾಸ್ತಿ ಸ್ವಾರಸ್ಯ ಇದೆ. ಆ ಲ್ಯಾಟಿನ್ ಸಾಪೋ ಒಂದು ಕಡೆ ಗ್ರೀಕ್, ಅರಬಿ ಕಡೆ ಹೋಗಿ ‘ಸಾಬೂನ್’ ಆಯಿತು. ಇನ್ನೊಂದು ಕಡೆ ಪೋರ್ಚುಗೀಸಿನಲ್ಲಿ ‘ಸಬಾಂವ್’ ಆಯಿತು. ಅರಬಿ, ಪಾರಸಿ ದಾರಿಯಲ್ಲೋ ಪೋರ್ಚುಗೀಸರ ಬಾಯಿಂದಲೋ ಅದು ನಮ್ಮಲ್ಲಿ ‘ಸಾಬೂನು’ ಆಗಿ ನೆಲೆಸಿತು. ಆಮೇಲೆ ಇಂಗ್ಲಿಷಿನವರ ಕಡೆಯಿಂದ ‘ಸೋಪು’ ಬಂತು. ಅಂದರೆ ಸೋಪು, ಸಾಬೂನು ಎರಡೂ ಒಂದೇ ಪದ. ಬೇರೆ ಬೇರೆ ದಾರಿ ಹಿಡಿದು, ಬೇರೆ ಬೇರೆ ಶತಮಾನದಲ್ಲಿ ನಮ್ಮ ಬಚ್ಚಲಿಗೆ ಬಂದು ಸೇರಿವೆ. ಅದಕ್ಕೂ ಮುಂಚೆ ನಮ್ಮಲ್ಲಿ ಇದ್ದದ್ದು ಸೀಗೆಕಾಯಿ, ಕಡಲೆಹಿಟ್ಟು, ಅಂಟುವಾಳ. ರೇಷ್ಮೆ ಸೀರೆಗೆ, ಒಡವೆಗೆ ಈಗಲೂ ಅಂಟುವಾಳದ ನೊರೆಯೇ ವಾಸಿ ಅನ್ನುವವರು ಇದ್ದಾರೆ. ಆ ಅಂಟುವಾಳಕ್ಕೆ ಸಸ್ಯಶಾಸ್ತ್ರದಲ್ಲಿ ಇರುವ ಹೆಸರು ‘ಸಾಪಿಂಡಸ್’. ಸಾಪೋ ಮತ್ತು ಇಂಡಸ್ ಸೇರಿಸಿದ್ದು, ಅಂದರೆ ಇಂಡಿಯಾದ ಸೋಪು. ಕೂದಲಿಗೆ ಕೆಂಪು ಬಣ್ಣ ಹಚ್ಚುವ ಜರ್ಮನ್ನರ ಪದ ನಮ್ಮ ಅಂಟುವಾಳದ ಮರದವರೆಗೂ ಬಂದಿದೆ.

ಸೋಪು ಅಂದರೆ ಮುಖಸ್ತುತಿ ಅನ್ನುವ ಅರ್ಥ 1853ರಿಂದ ಸಿಗುತ್ತದೆ ಅಂತಲೂ ಆ ನಮೂದಿನಲ್ಲಿದೆ. ನಾವು ಬೆಣ್ಣೆ ಹಚ್ಚುತ್ತೇವೆ. ಪಕ್ಕದ ಮಲಯಾಳಿಗಳು ಸೋಪೇ ಹಾಕುತ್ತಾರೆ.

ಸಣ್ಣಪುಟ್ಟ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ನೀಟ್’ ಲ್ಯಾಟಿನ್ನಿನ ‘ಹೊಳೆಯುವ’ ಅನ್ನುವ ಪದದಿಂದ ಬಂದದ್ದು, ಮತ್ತೆ ಅದೇ ಬೆಳಗುವುದು. ಸೋಪಿನ ಪ್ಯಾಕೆಟ್ ಮೇಲಿರುವ ‘ನೆಟ್ ವೆಯ್ಟ್’ನ ನೆಟ್ ಕೂಡ ಅದೇ ಪದ. ಡಬ್ಬ, ಕಾಗದ ಎಲ್ಲ ಕಳೆದು ಉಳಿದ ಶುದ್ಧ ತೂಕ. ‘ಟೈಡಿ’ ಬಂದದ್ದು ಸಮುದ್ರದ ಭರತಕ್ಕೆ ಹೇಳುವ ‘ಟೈಡ್’ನಿಂದ. ಟೈಡ್ ಅಂದರೆ ಮೊದಲು ಹೊತ್ತು, ವೇಳೆ ಅಂತಲೇ ಅರ್ಥ. ಹೊತ್ತಿಗೆ ಸರಿಯಾಗಿ ಆದದ್ದು ಟೈಡಿ, ಚೊಕ್ಕಟ ಅನ್ನುವ ಅರ್ಥ 18ನೇ ಶತಮಾನದ ಶುರುವಿನಲ್ಲಿ ಬಂದದ್ದು. ‘ವಾಷ್’ ಮತ್ತು ‘ವಾಟರ್’ ಒಂದೇ ಮನೆಯವು. ‘ಡರ್ಟ್’ ನಾರ್ಸ್ ಜನರ (ಹಳೆಯ ಸ್ಕ್ಯಾಂಡಿನೇವಿಯಾದವರ) ‘ಡ್ರಿಟ್’, ಅಂದರೆ ಮಲ. ರಕಾರ ಜಾಗ ಬದಲಾಯಿಸಿಕೊಂಡು ಡರ್ಟ್ ಆಯಿತು.

‘ಸ್ಪಿಕ್ ಅಂಡ್ ಸ್ಪ್ಯಾನ್’ ಹತ್ತಿರ ಸ್ವಲ್ಪ ನಿಲ್ಲಲೇಬೇಕು, ಯಾಕೆಂದರೆ ಎಟಿಮಾನ್‌ಲೈನಿನ ಒಂದು ಕೊರತೆ ಅಲ್ಲಿ ಗೊತ್ತಾಗುತ್ತದೆ. ಎನ್‌ಸಿಸಿಯಲ್ಲಿ ಇದ್ದವರಿಗೆ ಈ ಮಾತು ಚೆನ್ನಾಗಿ ಪರಿಚಯ. ಸ್ಪಿಕ್ ಅಂದರೆ ಮೊಳೆ. ಸ್ಪ್ಯಾನ್ ಅಂದರೆ ಮರದ ಚಕ್ಕೆ, ನಾರ್ಸ್ ಭಾಷೆಯದು. ಈಗತಾನೆ ಕೆತ್ತಿದ ಚಕ್ಕೆಯಷ್ಟು, ಈಗತಾನೆ ಬಡಿದ ಮೊಳೆಯಷ್ಟು ಹೊಸದು ಅಂತ ಅರ್ಥ. ಚೊಕ್ಕಟ ಅನ್ನುವುದು ಆಮೇಲೆ ಬಂತು. ಇಷ್ಟನ್ನು ಎಟಿಮಾನ್‌ಲೈನ್ ಚೆನ್ನಾಗಿ ಹೇಳುತ್ತದೆ. ಆದರೆ ಹಳೆಯ ಬಳಕೆಯ ವಾಕ್ಯಗಳನ್ನು ಸಾಲಾಗಿ ತೋರಿಸುವುದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಕೆಲಸ. ಆ ವಾಕ್ಯಗಳನ್ನು ಓದಿದರೆ ಪದಕ್ಕೆ ಜೀವ ಬರುತ್ತದೆ. ಲಂಡನ್ನಿನ ನೌಕಾಪಡೆ ಕಚೇರಿಯಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1665ರ ನವೆಂಬರಿನ ದಿನಚರಿಯಲ್ಲಿ ಲೇಡಿ ಬ್ಯಾಟನ್ ಬಗ್ಗೆ ಬರೆದಿದ್ದಾನೆ. ಆಕೆ ಹೊಚ್ಚ ಹೊಸ ‘ಸ್ಪಿಕ್ ಅಂಡ್ ಸ್ಪ್ಯಾನ್’ ಬಿಳಿ ಶೂ ಹಾಕಿಕೊಂಡು ಕೆಸರು ಓಣಿಯಲ್ಲಿ ಹೋಗುತ್ತಿದ್ದಳು. ಶೂ ಮೇಲೆ ಹಾಕುವ ಕೆಸರಿನ ಜೋಡು ಒಂದು ಹೂತು ಅಲ್ಲೇ ಉಳಿಯಿತು, ಒಂದೇ ಜೋಡಿನಲ್ಲಿ ಮನೆಗೆ ಹೋಗಬೇಕಾಯಿತು, ಆಕೆಗೆ ಬಹಳ ಸಿಟ್ಟು ಬಂತು. ಆ ಒಂದು ವಾಕ್ಯದಲ್ಲಿ ಆ ಕಾಲದ ಬೀದಿ ಹೇಗಿತ್ತು ಅಂತ ಗೊತ್ತಾಗಿಬಿಡುತ್ತದೆ. ಆಕ್ಸ್‌ಫರ್ಡ್ ನಿಘಂಟಿಗೆ ಚಂದಾ ಕಟ್ಟಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಸಿಗುವವರು ಪುಣ್ಯವಂತರು.

‘ಶಾಂಪೂ’ ನಮ್ಮ ದೇಶದ್ದು. ಹಿಂದಿಯ ‘ಚಾಂಪೋ’, ಅಂದರೆ ಒತ್ತು, ಅಮುಕು. 1762ರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಮೈ ಮಾಲೀಶು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಸಾಕೆ ದೀನ್ ಮಹಮದ್ ಅನ್ನುವವರು ಇಂಗ್ಲೆಂಡಿಗೆ ಹೋಗಿ, ಬ್ರೈಟನ್ ಊರಿನ ಸಮುದ್ರತೀರದಲ್ಲಿ ಹಬೆ ಸ್ನಾನ ಮತ್ತು ಶಾಂಪೂ ಮಾಡುವ ಸ್ನಾನಗೃಹ ನಡೆಸಿದರು. ದೊರೆ ನಾಲ್ಕನೇ ಜಾರ್ಜ್ ಅವರನ್ನು ತನ್ನ ‘ಶಾಂಪೂಯಿಂಗ್ ಸರ್ಜನ್’ ಅಂತ ನೇಮಿಸಿಕೊಂಡಿದ್ದ. ತಲೆಕೂದಲು ತೊಳೆಯುವುದು ಅನ್ನುವ ಅರ್ಥಕ್ಕೆ ಎಟಿಮಾನ್‌ಲೈನ್ ಕೊಡುವ ಇಸವಿ 1860. ಭಾರತದಿಂದ ಹೋದ ಪದಗಳಿಗೆ 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ಅನ್ನುವ ದೊಡ್ಡ ಕೋಶವನ್ನೂ ಜೊತೆಗೆ ನೋಡಬೇಕು. ಷಿಕಾಗೋ ವಿಶ್ವವಿದ್ಯಾಲಯ ಅದನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದೆ.

ಇನ್ನು ನನ್ನ ತಕರಾರುಗಳು.

ಮೊದಲನೆಯದು, ಸಂಸ್ಕೃತ ಪದಗಳನ್ನು ಬರೆಯುವ ರೀತಿ. ದೇವನಾಗರಿ ಇಲ್ಲ, ದೀರ್ಘದ ಗೆರೆಯೂ ಇಲ್ಲ, ಬರೀ ರೋಮನ್ ಅಕ್ಷರ. ಇಂಗ್ಲಿಷ್ ಓದುಗರಿಗೆ ಪರವಾಗಿಲ್ಲ. ನಮಗೆ ತೊಂದರೆ. ‘ಪ್ಯೂರ್’ ಮೂಲದ ಪುಟದಲ್ಲಿ ಶುದ್ಧ ಅನ್ನುವ ಅರ್ಥದ ಪದವೊಂದಿದೆ. ಅದು ‘ಪೂತ’, ದೀರ್ಘ. ರೋಮನ್ನಿನಲ್ಲಿ ನೋಡಿದರೆ ‘ಪುತ’ ಅಂತ ಓದಿಕೊಳ್ಳುವಂತಿದೆ. ಇನ್ನೊಂದು ಕಡೆ ‘ಫೌಲ್’ ನೋಡಿ, ಕಬಡ್ಡಿಯಲ್ಲಿ ನಾವು ಕೂಗುವ ಅದೇ ಫೌಲ್. ಅದರ ಮೂಲದ ಅರ್ಥ ಕೊಳೆಯುವುದು, ನಾರುವುದು. ‘ಪೂತಿಗಂಧ’ ಅನ್ನುವುದರ ಪೂತಿ ಆ ಮನೆಯದು. ಫೌಲ್‌ನಿಂದಲೇ ‘ಫಿಲ್ತ್’ ಹುಟ್ಟಿದ್ದು. ಪೂತ ಅಂದರೆ ಶುದ್ಧ, ಪೂತಿ ಅಂದರೆ ನಾತ, ಎರಡಕ್ಕೂ ಮೂಲ ಬೇರೆ ಬೇರೆ. ಇಷ್ಟು ಹತ್ತಿರದ ಪದಗಳು ಇರುವಾಗ ಸ್ವರದ ಗುರುತು ಬೇಕೇ ಬೇಕು.

ಎರಡನೆಯದು, ಭಾರತದ ಇಂಗ್ಲಿಷಿಗೆ ಇಲ್ಲಿ ಜಾಗ ಕಡಿಮೆ. ‘ಕ್ಲೀನ್ ಚಿಟ್’ ತೆಗೆದುಕೊಳ್ಳಿ. ನಮ್ಮ ಪೇಪರುಗಳಲ್ಲಿ ಈ ಮಾತು ಇಲ್ಲದ ವಾರ ಇಲ್ಲ. ಚಿಟ್ ಪದ ಎಟಿಮಾನ್‌ಲೈನಿನಲ್ಲಿ ಇದೆ, 18ನೇ ಶತಮಾನದ್ದು, ಮರಾಠಿಯ ‘ಚಿಠ್ಠಿ’ಯಿಂದ ಬಂದದ್ದು ಅಂತ ಸರಿಯಾಗಿ ಹೇಳಿದೆ. ನಮ್ಮ ಚೀಟಿ. ಆದರೆ ಸಾವಿರ ವರ್ಷದ ಇಂಗ್ಲಿಷ್ ಪದಕ್ಕೆ ಮರಾಠಿ ಪದ ಜೋಡಿಸಿ ನಮ್ಮ ಕಡೆಯವರು ಮಾಡಿಕೊಂಡ ‘ಕ್ಲೀನ್ ಚಿಟ್’ ನನಗೆ ಅಲ್ಲಿ ಸಿಗಲಿಲ್ಲ. ‘ಕ್ಲೀನರ್’ ಕೂಡ ಹಾಗೇ. ಲಾರಿ ಕ್ಲೀನರ್ ಅಂದರೆ ನಮಗೆ ಗಾಡಿ ತೊಳೆಯುವವನು ಮಾತ್ರ ಅಲ್ಲ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಬಾಡಿ ತಟ್ಟಿ ‘ಬರ್ಲಿ ಬರ್ಲಿ’ ಅನ್ನುವವನು, ಏರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡುವವನು, ಟೈರ್ ಬಿಚ್ಚುವವನು, ರಾತ್ರಿ ಡ್ರೈವರ್ ತೂಕಡಿಸದ ಹಾಗೆ ಮಾತಾಡಿಸುತ್ತಾ ಕೂರುವವನು, ನಾಳೆ ತಾನೇ ಡ್ರೈವರ್ ಆಗುವವನು. ಇಷ್ಟು ಕೆಲಸ ಮಾಡುವ ಮನುಷ್ಯನ ಹೆಸರು ಒಂದು ನಿಘಂಟಿನಲ್ಲಾದರೂ ಸರಿಯಾಗಿ ಸೇರಬೇಕು. ‘ಸ್ಯಾನಿಟರಿ’ ಕೂಡ ನಮ್ಮಲ್ಲಿ ಬೇರೆಯೇ ಆಗಿದೆ. ಲ್ಯಾಟಿನ್ನಿನಲ್ಲಿ ಆರೋಗ್ಯ ಅನ್ನುವ ಅರ್ಥದ ಪದ ಅದರ ಮೂಲ. ಬುದ್ಧಿ ನೆಟ್ಟಗಿದೆ ಅನ್ನುವ ‘ಸೇನ್’ ಅದರ ಒಡಹುಟ್ಟು. 1842ರಲ್ಲಿ ಎಡ್ವಿನ್ ಚಾಡ್ವಿಕ್ ಬ್ರಿಟನ್ನಿನ ದುಡಿಯುವ ಜನರ ‘ಸ್ಯಾನಿಟರಿ’ ಸ್ಥಿತಿ ಬಗ್ಗೆ ಕೊಟ್ಟ ದೊಡ್ಡ ವರದಿಯಲ್ಲಿ ಚರಂಡಿ, ನೀರು, ಕಸದ ಮಾತೇ ಜಾಸ್ತಿ. ಆಮೇಲೆ ಪದ ಆ ಕಡೆಗೇ ಸರಿಯಿತು. ನಮ್ಮೂರುಗಳಲ್ಲಿ ಸ್ಯಾನಿಟರಿ ಅಂಗಡಿ ಅಂದರೆ ಕಮೋಡು, ಪೈಪು, ನಲ್ಲಿ ಸಿಗುವ ಅಂಗಡಿ.

ಮೂರನೆಯದು, ಇದು ಬೇರೆ ನಿಘಂಟುಗಳನ್ನು ಓದಿ, ತೂಗಿ, ಒಟ್ಟು ಮಾಡಿದ ಕೆಲಸ. ವೀಕ್ಲಿ, ಕ್ಲೈನ್, ಬಾರ್ನ್‌ಹಾರ್ಟ್ ಎಂಬ ನಿಘಂಟುಕಾರರು, ಆಕ್ಸ್‌ಫರ್ಡ್ ನಿಘಂಟು ಎಲ್ಲರ ಋಣ ಇದೆ. ಅದನ್ನು ಹಾರ್ಪರ್ ಮುಚ್ಚಿಟ್ಟಿಲ್ಲ. ಆದರೆ ಒಂದೊಂದು ಮಾತು ಎಲ್ಲಿಂದ ಬಂತು ಅಂತ ಎಲ್ಲ ಕಡೆ ಹಾಕಿರುವುದಿಲ್ಲ. ನಕ್ಷತ್ರದ ಗುರುತು ಇರುವ ಪದಗಳು ಎಲ್ಲೂ ಬರೆದಿಟ್ಟವಲ್ಲ, ಭಾಷಾತಜ್ಞರು ಊಹಿಸಿ ಕಟ್ಟಿದವು. ಸಂಶೋಧನಾ ಪ್ರಬಂಧಕ್ಕೆ ಇದೊಂದನ್ನೇ ಆಧಾರ ಕೊಡಬೇಡಿ. ಜಾಹೀರಾತೂ ಇದೆ, ಫೋನಿನಲ್ಲಿ ಸ್ವಲ್ಪ ಅಡ್ಡ ಬರುತ್ತದೆ.

ತಕರಾರು ಇದ್ದರೂ ನಾನು ಈ ಸೈಟನ್ನು ಬಿಡದೆ ಹಿಡಿದುಕೊಂಡಿರುವುದು ‘ಕ್ಯಾಸ್ಟ್’ನಂಥ ನಮೂದುಗಳಿಗಾಗಿ. ಜಾತಿಗೆ ಇಂಗ್ಲಿಷಿನಲ್ಲಿ ಹೇಳುವ ಪದ ಭಾರತದ್ದಲ್ಲ. ಪೋರ್ಚುಗೀಸರ ‘ಕಾಸ್ತಾ’. ಬೆರಕೆಯಾಗದ ಕುಲ ಅನ್ನುವ ಅರ್ಥದಲ್ಲಿ ಅವರು ಬಳಸುತ್ತಿದ್ದರು. 17ನೇ ಶತಮಾನದ ಶುರುವಿನಲ್ಲಿ ಇಲ್ಲಿದ್ದ ಇಂಗ್ಲಿಷಿನವರು ಅವರಿಂದ ಎತ್ತಿಕೊಂಡರು. ಅದರ ಹಿಂದೆ ಲ್ಯಾಟಿನ್ನಿನ ‘ಕಾಸ್ಟುಸ್’, ಅಂದರೆ ಶುದ್ಧ, ಕಳಂಕವಿಲ್ಲದ್ದು. ಅದಕ್ಕೂ ಹಿಂದೆ ಕತ್ತರಿಸು ಅನ್ನುವ ಮೂಲ. ಕತ್ತರಿಸಿ ಬೇರೆ ಮಾಡಿದ್ದೇ ಶುದ್ಧ ಅನ್ನುವ ಎಣಿಕೆ ಆ ಪದದಲ್ಲೇ ಕೂತಿದೆ. ಬೆಳಗಾಗುವುದರೊಳಗೆ ಬೀದಿ ಗುಡಿಸಿ ಊರಿನ ಕೊಳೆ ಎತ್ತುವ ಪೌರಕಾರ್ಮಿಕರನ್ನೇ ಮುಟ್ಟಿಸಿಕೊಳ್ಳದ ಸಮಾಜ ನಮ್ಮದು. ಕೊಳೆ ತೆಗೆಯುವುದು ಬೇರೆ, ಮನುಷ್ಯರನ್ನು ದೂರ ಇಡುವುದು ಬೇರೆ. ಎರಡಕ್ಕೂ ಒಂದೇ ಪದ ಇಟ್ಟುಕೊಂಡಾಗ ಏನಾಗುತ್ತದೆ ಅಂತ ‘ಕ್ಲೀನ್’ ಮತ್ತು ‘ಕ್ಯಾಸ್ಟ್’ ನಮೂದುಗಳನ್ನು ಒಟ್ಟಿಗೆ ಓದಿದಾಗ ನನಗೆ ಸರಿಯಾಗಿ ಅರ್ಥವಾಯಿತು. ಹೈಸ್ಕೂಲಿನ ಮಕ್ಕಳಿಗೆ ಈ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿ ಅಂತ ಮೇಷ್ಟ್ರುಗಳಿಗೆ ಕೇಳಿಕೊಳ್ಳುತ್ತೇನೆ.

ಕನ್ನಡ ಪದಗಳ ಮೂಲಕ್ಕೆ ಎಟಿಮಾನ್‌ಲೈನ್ ಉಪಯೋಗಕ್ಕೆ ಬರುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಅದಕ್ಕೆ ಬರೋ ಮತ್ತು ಎಮೆನೋ ಮಾಡಿದ ದ್ರಾವಿಡ ವ್ಯುತ್ಪತ್ತಿ ಕೋಶ ಇದೆ, 1984ರ ಎರಡನೇ ಆವೃತ್ತಿ, ಅದೇ ಷಿಕಾಗೋ ತಾಣದಲ್ಲಿ. ಅಲ್ಲಿ ‘ಬೆಳಗು’ ಹುಡುಕಿ. ಬೆಳಕು, ಬೆಳ್ಳಿ, ಬಿಳಿ ಎಲ್ಲ ಒಂದೇ ಕಡೆ ಸಿಗುತ್ತವೆ, ತಮಿಳಿನ ‘ವಿಳಂಗು’ ಜೊತೆಗೆ. ಹಳೆಯ ಬಳಕೆಗೆ 1894ರ ಕಿಟ್ಟೆಲ್ ನಿಘಂಟು. ಯಾರು ಬೇಕಾದರೂ ತಿದ್ದಬಹುದಾದ ವಿಕ್ಷನರಿಯಲ್ಲಿ ಕನ್ನಡ ಪದಗಳೂ ಇವೆ, ಆದರೆ ಒಂದು ಪುಟ ಚೆನ್ನಾಗಿದ್ದರೆ ಪಕ್ಕದ್ದು ಅರ್ಧಕ್ಕೆ ನಿಂತಿರುತ್ತದೆ.

ಎಟಿಮಾನ್‌ಲೈನಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದದ್ದು ಸಂಸ್ಕೃತದ ದೀರ್ಘಗಳಿಗೆ. ಪದ ಹುಡುಕುವುದಕ್ಕೆ ಆಪ್ ಸಾಕು. ಮೂಲದ ಪುಟಗಳನ್ನು ಓದುವುದಿದ್ದರೆ ಕಂಪ್ಯೂಟರಿನಲ್ಲಿ ತೆಗೆಯಿರಿ, ಪಟ್ಟಿಗಳು ಉದ್ದ ಇರುತ್ತವೆ, ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗಿ ವಾಪಸು ಬರುವುದು ಅಲ್ಲಿ ಸುಲಭ. ಎಲ್ಲಿಂದ ಶುರು ಮಾಡಲಿ ಅನ್ನುವವರು ‘ಲೇದರ್’ ಅಲ್ಲ, ನೊರೆ ಅನ್ನುವ ಅರ್ಥದ ‘ಲ್ಯಾದರ್’ ಹೊಡೆದು ಅದರ ಮೂಲದ ಕೊಂಡಿ ಒತ್ತಿ. ಲಾಂಡ್ರಿ, ಲೋಷನ್, ಲ್ಯಾವೆಟರಿ, ಲ್ಯಾಟ್ರಿನ್, ಡೈಲ್ಯೂಟ್ ಎಲ್ಲ ಒಂದೇ ಪುಟದಲ್ಲಿ ಸಿಗುತ್ತವೆ.